ಒಂದೇ ಹಾಡು, ಎರಡು ತಂಡ

ಇಂಗ್ಲೆಂಡಿನ ರಾಕ್ ತಂಡಗಳ ಪೈಕಿ ಬೀಟಲ್ಸ್ ಹೆಚ್ಚೋ, ರೋಲಿಂಗ್ ಸ್ಟೋನ್ಸ್ ಹೆಚ್ಚೋ ಎಂದು ಕೇಳುವವರು ಇಂದಿಗೂ ಇದ್ದಾರೆ. ಒಬ್ಬರನ್ನು ಮೆಚ್ಚಿದವರು ಇನ್ನೊಬ್ಬರ ಮನೆಯ ನೀರನ್ನೂ ಮುಟ್ಟಬಾರದು ಎಂಬಂತಿರುತ್ತದೆ ಅವರ ಧಾಟಿ. ಎರಡೂ ತಂಡಗಳ ಹಾಡುಗಳನ್ನು ಬಹುಕಾಲ ಕೇಳಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ಈ ಹಗೆತನವನ್ನು ಬೆಳೆಸಿದ್ದು ಪ್ರಚಾರದವರು ಮತ್ತು ಪತ್ರಿಕೆಯವರು. ಹಾಡುವವರ ನಡುವೆ ಇದ್ದದ್ದು ಕೊಡುಕೊಳ್ಳುವಿಕೆ, ಅದರ ಜೊತೆಗೇ ಒಂದಿಷ್ಟು ಹೊಟ್ಟೆಕಿಚ್ಚು. ಹೆತ್ತವರು ಹೆದರುವಂಥ ಪುಂಡರ ಗುಂಪಾಗಿ ಸ್ಟೋನ್ಸ್ ತಂಡವನ್ನು ಬಿಂಬಿಸಿದ ಮ್ಯಾನೇಜರ್ ಆಂಡ್ರೂ ಲೂಗ್ ಓಲ್ಡಮ್, ಅದಕ್ಕೂ ಮೊದಲು ಬೀಟಲ್ಸ್ ಪರವಾಗಿಯೇ ಪ್ರಚಾರದ ಕೆಲಸ ಮಾಡಿದ್ದವರು.

ಡೆಕ್ಕಾ ಎಂಬ ಧ್ವನಿಮುದ್ರಿಕೆ ಕಂಪನಿಯ ಕಥೆಯೂ ಸ್ವಾರಸ್ಯವಾಗಿದೆ. ಬೀಟಲ್ಸ್ ತಂಡವನ್ನು ಬೇಡವೆಂದು ಕಳುಹಿಸಿ ಪೇಚಿಗೆ ಸಿಕ್ಕಿದ್ದ ಅಲ್ಲಿನ ಡಿಕ್ ರೋ ಅವರಿಗೆ, 1963ರಲ್ಲಿ ಸ್ಟೋನ್ಸ್ ಹೆಸರನ್ನು ಸೂಚಿಸಿದವರು ಸ್ವತಃ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಟೋನ್ಸ್ ಬಳಿ ಮುಂದಿನ ಧ್ವನಿಮುದ್ರಿಕೆಗೆ ತಕ್ಕ ಹಾಡಿರಲಿಲ್ಲ. ಲಂಡನ್ನಿನಲ್ಲಿ ಓಲ್ಡಮ್ ಕಣ್ಣಿಗೆ ಅಕಸ್ಮಾತ್ತಾಗಿ ಬಿದ್ದ ಬೀಟಲ್ಸ್‌ನ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ, ಸ್ಟೋನ್ಸ್ ಅಭ್ಯಾಸ ನಡೆಸುತ್ತಿದ್ದ ಜಾಗಕ್ಕೆ ಬಂದು, ಅರ್ಧವಾಗಿದ್ದ ‘ಐ ವಾನಾ ಬಿ ಯುವರ್ ಮ್ಯಾನ್’ ಹಾಡನ್ನು ಅಲ್ಲೇ ಒಂದು ಮೂಲೆಯಲ್ಲಿ ಕೂತು ಮುಗಿಸಿಕೊಟ್ಟರು. ಸ್ಟೋನ್ಸ್‌ನ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಅವರಿಗೆ ಹಾಡು ಬರೆಯುವುದು ಇಷ್ಟು ಸಲೀಸೇ ಎನಿಸಿದ್ದರೆ ಆಶ್ಚರ್ಯವಿಲ್ಲ. ಮುಂದೆ ಆ ಇಬ್ಬರೂ ತಮ್ಮ ಹಾಡುಗಳನ್ನು ತಾವೇ ಬರೆಯತೊಡಗಿದರು.

ನವೆಂಬರಿನಲ್ಲಿ ಇದೇ ಹಾಡಿನ ಎರಡೂ ತಂಡಗಳ ಮುದ್ರಿಕೆಗಳು ಕೆಲವೇ ವಾರಗಳ ಅಂತರದಲ್ಲಿ ಹೊರಬಂದವು. ಬೀಟಲ್ಸ್ ಇದನ್ನು ತಮ್ಮ ಡ್ರಮ್ಸ್ ವಾದಕ ರಿಂಗೋ ಸ್ಟಾರ್ ಪಾಲಿಗೆ ಬಿಟ್ಟಿದ್ದರು. ಅದರಲ್ಲಿ ಹಬ್ಬದ ಮನೆಯ ಗಲಾಟೆಯ ಕಳೆಯಿದೆ, ಅದಕ್ಕಿಂತ ಹೆಚ್ಚಿನದಿಲ್ಲ. ಸ್ಟೋನ್ಸ್ ಹಾಡಿದ್ದು ಎರಡು ನಿಮಿಷವೂ ಇಲ್ಲ, ಆದರೆ ಬ್ರಯಾನ್ ಜೋನ್ಸ್ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸಿರುವ ಸ್ಲೈಡ್ ಗಿಟಾರ್ ಕಿವಿಯನ್ನು ಗೀರಿಕೊಂಡು ಹೋಗುತ್ತದೆ. ಹಾಡು ಬೀಟಲ್ಸ್‌ನದು, ಗೆದ್ದದ್ದು ಸ್ಟೋನ್ಸ್ ಎಂಬುದೇ ನನ್ನ ತೀರ್ಪು.

ಹಾಗೆಂದು ಸ್ಟೋನ್ಸ್ ಎಂದೂ ನಕಲು ಮಾಡಲಿಲ್ಲವೆಂದೇನೂ ಅಲ್ಲ. 1967ರ ಜೂನ್‌ನಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಬಂತು, ಡಿಸೆಂಬರಿನಲ್ಲಿ ಸ್ಟೋನ್ಸ್‌ನ ‘ದೇರ್ ಸಟಾನಿಕ್ ಮೆಜೆಸ್ಟೀಸ್ ರಿಕ್ವೆಸ್ಟ್’ ಬಂತು. ಎರಡರ ಹೊದಿಕೆಯ ಚಿತ್ರ ತೆಗೆದವರೂ ಮೈಕಲ್ ಕೂಪರ್ ಅವರೇ. ನಾವು ಮಾಡಿದ್ದನ್ನೆಲ್ಲ ಅವರು ಕೆಲವು ತಿಂಗಳ ನಂತರ ಮಾಡುತ್ತಾರೆ ಎಂಬರ್ಥದಲ್ಲಿ ಲೆನನ್ ಮುಂದೆ ಸಿಡುಕಿದಾಗ ಈ ಆಲ್ಬಮ್ ಮಟ್ಟಿಗಂತೂ ಅದು ಸುಳ್ಳಾಗಿರಲಿಲ್ಲ. ಆದರೆ ಸಿತಾರ್ ವಿಷಯದಲ್ಲಿ ಆ ಮಾತನ್ನು ನಾನು ಒಪ್ಪಲಾರೆ. 1965ರ ‘ನಾರ್ವೀಜಿಯನ್ ವುಡ್’ನಲ್ಲಿ ಹ್ಯಾರಿಸನ್ ಅವರ ಸಿತಾರ್ ಗಿಟಾರಿನ ಪಕ್ಕದಲ್ಲಿ ಸಂಕೋಚದಿಂದ ಕೂತ ನೆಂಟನಂತಿದೆ, ಮರುವರ್ಷದ ‘ಪೇಂಟ್ ಇಟ್ ಬ್ಲ್ಯಾಕ್’ನಲ್ಲಿ ಜೋನ್ಸ್ ಅದೇ ವಾದ್ಯವನ್ನು ಚಾರ್ಲಿ ವಾಟ್ಸ್ ಅವರ ಡ್ರಮ್ಸ್ ಹೊಡೆತದ ಎದುರಿಗೆ ನಿಲ್ಲಿಸುತ್ತಾರೆ. ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದವರಿಗೆ ಎರಡರಲ್ಲೂ ರಾಗ ಸಿಗಲಾರದು, ಅದು ಬೇರೆ ಮಾತು.

1967ರಲ್ಲಿ ಇಬ್ಬರ ನಡುವಿನ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಉಪಗ್ರಹದ ಮೂಲಕ ಹಲವು ದೇಶಗಳಿಗೆ ಪ್ರಸಾರವಾದ ‘ಆಲ್ ಯೂ ನೀಡ್ ಈಸ್ ಲವ್’ ಹಾಡಿನ ಹೊತ್ತಿಗೆ ಜಾಗರ್ ಮತ್ತು ರಿಚರ್ಡ್ಸ್ ಬೀಟಲ್ಸ್‌ನ ಸ್ಟುಡಿಯೋದಲ್ಲಿದ್ದರು; ಸ್ಟೋನ್ಸ್‌ನ ‘ವಿ ಲವ್ ಯೂ’ಗೆ ಲೆನನ್ ಮತ್ತು ಮೆಕಾರ್ಟ್ನಿ ಹಿನ್ನೆಲೆ ದನಿಗೂಡಿಸಿದರು. ಅದರಲ್ಲಿ ಪಿಯಾನೊ ನುಡಿಸಿದ ನಿಕಿ ಹಾಪ್‌ಕಿನ್ಸ್ ಮರುವರ್ಷ ಬೀಟಲ್ಸ್‌ನ ‘ರೆವಲ್ಯೂಷನ್’ಗೂ ನುಡಿಸಿದರು.

ನಾನು ಮತ್ತೆ ಮತ್ತೆ ಮರಳುವುದು ಮಾತ್ರ 1967ರ ಜೂನ್ ತಿಂಗಳ ಇನ್ನೊಂದು ಧ್ವನಿಮುದ್ರಣಕ್ಕೆ. ಬರುವಾಗ ಗಿಟಾರ್ ತರುತ್ತಾರೆಂದುಕೊಂಡಿದ್ದ ಬೀಟಲ್ಸ್ ಎದುರಿಗೆ ಬ್ರಯಾನ್ ಜೋನ್ಸ್ ಸ್ಯಾಕ್ಸಫೋನ್ ಹಿಡಿದು ಬಂದರು, ‘ಯೂ ನೋ ಮೈ ನೇಮ್’ ಎಂಬ ತಮಾಷೆಯ ಹಾಡಿನಲ್ಲಿ ಅದನ್ನೇ ಊದಿದರು. ತುಸು ತಡವರಿಸುವ, ಕುಡಿದವರ ನಡಿಗೆಯಂಥ ವಾದನ ಅದು. ಹಾಡಿಗೆ ಅದೇ ಬೇಕಿತ್ತು. ಧ್ವನಿಸುರುಳಿ ವರ್ಷಗಟ್ಟಲೆ ಕಪಾಟಿನಲ್ಲಿದ್ದು, ಕೊನೆಗೆ 1970ರ ಮಾರ್ಚ್‌ನಲ್ಲಿ ‘ಲೆಟ್ ಇಟ್ ಬಿ’ ತಟ್ಟೆಯ ಹಿಂಬದಿಯಲ್ಲಿ ಹೊರಬಂತು. ಅಷ್ಟರಲ್ಲಿ ಜೋನ್ಸ್ ತೀರಿಕೊಂಡು ಎಂಟು ತಿಂಗಳಾಗಿತ್ತು.