ಮಾನನಷ್ಟಕ್ಕೆ ಜೈಲು ಬೇಕಾ?

2024ರ ಜುಲೈನಲ್ಲಿ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮಾನನಷ್ಟಕ್ಕೆ 2 ವರ್ಷದವರೆಗಿನ ಜೈಲು ಮಾತ್ರ ಹಾಗೇ ಉಳಿಯಿತು. ಮಂತ್ರಿ, ರಾಜಕಾರಣಿಗಳ ಕೈಯಲ್ಲಿ ಈ ಕಾನೂನು ಇರಬೇಕಾ?

ಪರ

ರಾಜಕೀಯಕ್ಕೆ ಇಳಿದವರಿಗೆ ಮಾನ ಇರುವುದಿಲ್ಲವಾ? ‘ಇಂಥವರು ಲಂಚ ತಿಂದರು’ ಅಂತ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಸಂಜೆಗೆ ಊರೆಲ್ಲ ಅದೇ ಮಾತು. ಸಿವಿಲ್ ದಾವೆ ಹೂಡಿ ಪರಿಹಾರ ಕೇಳಿ ಅನ್ನುತ್ತಾರೆ. ಅದು ವರ್ಷಗಟ್ಟಲೆ ಎಳೆಯುತ್ತದೆ. ಗೆದ್ದರೂ ಎದುರಿನವನ ಹತ್ತಿರ ಕಾಸೇ ಇಲ್ಲದಿದ್ದರೆ ವಸೂಲಿ ಎಲ್ಲಿಂದ? ಬದುಕುವ ಹಕ್ಕಿನಲ್ಲಿ ಮಾನವೂ ಸೇರಿದೆ ಅಂತ ಹೇಳಿಯೇ ಸುಪ್ರೀಂ ಕೋರ್ಟ್ 2016ರಲ್ಲಿ, ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ, ಈ ಶಿಕ್ಷೆಯನ್ನು ಎತ್ತಿಹಿಡಿಯಿತು. ಟೀಕೆಗೇನೂ ಅಡ್ಡಿಯಿಲ್ಲ. ಅಧಿಕಾರದಲ್ಲಿ ಇರುವವರ ಕೆಲಸದ ಬಗ್ಗೆ ಸದುದ್ದೇಶದಿಂದ ಅಭಿಪ್ರಾಯ ಹೇಳಿದರೆ ಅಪರಾಧವಲ್ಲ ಅಂತ ಕಾನೂನೇ ಹೇಳುತ್ತದೆ.

ವಿರೋಧ

ಆ ವಿನಾಯಿತಿ ಸಿಗುವುದು ಕಟಕಟೆ ಹತ್ತಿದ ಮೇಲೆ. ಅಷ್ಟರಲ್ಲಿ ಸಮನ್ಸ್, ಜಾಮೀನು, ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ. ಬೆಂಗಳೂರಿನ ಪತ್ರಕರ್ತೆ ಗೌರಿ ಲಂಕೇಶ್ ಅವರಿಗೆ ಹುಬ್ಬಳ್ಳಿ ಕೋರ್ಟ್ 2016ರಲ್ಲಿ 6 ತಿಂಗಳ ಶಿಕ್ಷೆ ಕೊಟ್ಟಿತು. ವರದಿ ಬಂದದ್ದು 2008ರಲ್ಲಿ! ಆಗಿನ ಕೇಂದ್ರ ಸಚಿವ ಎಂ.ಜೆ. ಅಕ್ಬರ್ 2018ರಲ್ಲಿ ಹಾಕಿದ ಕೇಸಿನಲ್ಲಿ ಪತ್ರಕರ್ತೆ ಪ್ರಿಯಾ ರಮಣಿ ಗೆದ್ದರು, ನಿಜ. ಆದರೆ ಲೈಂಗಿಕ ಕಿರುಕುಳದ ಬಗ್ಗೆ ಬಾಯಿಬಿಟ್ಟವರೇ 2021ರವರೆಗೆ ಆರೋಪಿಯಾಗಿದ್ದರು.

ರಾಹುಲ್ ಗಾಂಧಿ ಪ್ರಕರಣ ನೋಡಿ. 2019ರಲ್ಲಿ ಕೋಲಾರದಲ್ಲಿ ಆಡಿದ ಮಾತಿಗೆ ಕೇಸು ಸೂರತ್‌ನಲ್ಲಿ. ಹಾಕಿದವರು ಗುಜರಾತಿನ ಶಾಸಕರು. 2023ರ ಮಾರ್ಚ್‌ನಲ್ಲಿ ಪೂರ್ತಿ 2 ವರ್ಷ ಶಿಕ್ಷೆ. ಒಂದು ದಿನ ಕಡಿಮೆಯಾಗಿದ್ದರೂ ಸಂಸದ ಸ್ಥಾನ ಉಳಿಯುತ್ತಿತ್ತು! ಗರಿಷ್ಠ ಶಿಕ್ಷೆಗೆ ಕಾರಣವನ್ನೇ ಕೊಟ್ಟಿಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಅವರೇನೋ ದೊಡ್ಡ ವಕೀಲರನ್ನು ಇಟ್ಟುಕೊಂಡರು. ತಾಲ್ಲೂಕಿನ ವಾರಪತ್ರಿಕೆ ಸಂಪಾದಕ ಏನು ಮಾಡಬೇಕು?

ಇನ್ನು, ಹೇಳಿದ್ದು ಸತ್ಯವಾದರೂ ಸಾಲದು. ಸಾರ್ವಜನಿಕರ ಹಿತಕ್ಕಾಗಿ ಹೇಳಿದ್ದು ಅಂತಲೂ ತೋರಿಸಬೇಕು. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಸುಪ್ರೀಂ ಕೋರ್ಟ್‌ನ 1994ರ ರಾಜಗೋಪಾಲ್ ತೀರ್ಪಿನ ಪ್ರಕಾರ, ತನ್ನ ಅಧಿಕಾರದ ಕೆಲಸದ ಬಗ್ಗೆ ಬರೆದದ್ದಕ್ಕೆ ಅಧಿಕಾರಿ ಪರಿಹಾರ ಕೇಳಬೇಕಾದರೆ, ಅದು ಸುಳ್ಳು, ನಿಜವೋ ಅಲ್ಲವೋ ಅಂತ ನೋಡದೆ ಬರೆದದ್ದು ಅಂತ ತೋರಿಸಬೇಕು. ಅದೇ ಅಧಿಕಾರಿ ಕ್ರಿಮಿನಲ್ ಕೇಸು ಹಾಕಿದರೆ, ವಿನಾಯಿತಿಯೊಳಗೆ ಬರುತ್ತೇನೆ ಅಂತ ಸಾಬೀತು ಮಾಡುವ ಹೊರೆ ಬರೆದವನ ಮೇಲೆ. ದುಡ್ಡು ಕೇಳುವವರಿಗೆ ಇರುವ ಈ ಕಟ್ಟುಪಾಡು, ಜೈಲಿಗೆ ಕಳಿಸಲು ಹೊರಟವರಿಗೆ ಯಾಕಿಲ್ಲ?