ಮೈಗೆ ತಗುಲಿದ ಕೀಟನಾಶಕಕ್ಕೆ ಬಟ್ಟೆ ತೊಳೆಯುವ ಪುಡಿ ಮದ್ದಲ್ಲ

ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವ ದಿನಗಳು ಬಂದಾಗಲೆಲ್ಲ, ಮೈಗೆ ಕೀಟನಾಶಕ ಬಿದ್ದರೆ ಬಟ್ಟೆ ತೊಳೆಯುವ ಪುಡಿಯಿಂದ ತಿಕ್ಕಿ ತೊಳೆಯಿರಿ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತದೆ. ಕಳುಹಿಸುವವರ ಕಾಳಜಿ ನಿಜವಾದದ್ದೇ. ಸಲಹೆ ಮಾತ್ರ ತಪ್ಪು.

ನಮ್ಮ ಚರ್ಮ ತುಸು ಆಮ್ಲೀಯವಾಗಿದ್ದು ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ಸುಮಾರು 5 ಇರುತ್ತದೆ. ಬಟ್ಟೆ ಪುಡಿ ಕಲಸಿದ ನೀರಿನದು ಸಾಮಾನ್ಯವಾಗಿ 10ರ ಆಸುಪಾಸು. ಅಂಥ ಕ್ಷಾರ ಚರ್ಮದ ಜಿಡ್ಡಿನ ಪದರವನ್ನು ಕಿತ್ತುಹಾಕುತ್ತದೆ, ಗಸಗಸ ತಿಕ್ಕಿದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಏಳುತ್ತವೆ, ಅವುಗಳ ಮೂಲಕ ವಿಷ ಇನ್ನಷ್ಟು ಸುಲಭವಾಗಿ ಒಳಗಿಳಿಯಬಹುದು. ಸೀಮೆಎಣ್ಣೆಯಿಂದ ಒರೆಸುವುದಂತೂ ಬೇಡವೇ ಬೇಡ. ಔಷಧಿ ನೆನೆದ ಅಂಗಿಯನ್ನು ಕೂಡಲೇ ಕಳಚಿ, ಮೈಸೋಪು ಹಚ್ಚಿ, ಮೆಲ್ಲನೆ, ಧಾರಾಳ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಉಗುರಿನ ಸಂದು, ಕಿವಿಯ ಹಿಂಭಾಗ ಮರೆಯಬಾರದು. ತಲೆಸುತ್ತು, ವಾಂತಿ, ವಿಪರೀತ ಬೆವರು ಕಂಡರೆ ತಡಮಾಡದೆ ಔಷಧಿಯ ಡಬ್ಬಿಯೊಂದಿಗೆ ಆಸ್ಪತ್ರೆಗೆ ಹೋಗಬೇಕು.

ಇಂಥ ಸಂದೇಶವನ್ನು ಯಾರಾದರೂ ಪರೀಕ್ಷಿಸಬಹುದು. ಡಬ್ಬಿಯ ಜೊತೆ ಮಡಚಿಟ್ಟ ಚೀಟಿಯಲ್ಲಿ ಪ್ರಥಮ ಚಿಕಿತ್ಸೆ ಅಚ್ಚಾಗಿರುತ್ತದೆ. ಸಂದೇಶವನ್ನು ಅದರ ಪಕ್ಕದಲ್ಲಿಟ್ಟು ಓದಿ, ಯಾವ ಔಷಧಿಗೆ ಯಾರು ಹೇಳಿದ್ದೆಂಬುದು ಸಂದೇಶದಲ್ಲಿದೆಯೇ ನೋಡಿ. ಸಂದೇಹ ಉಳಿದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.