14ರಲ್ಲಿ ನನ್ನ ಪಾಲಿಗೆ 13

ನಮ್ಮ ತೇಗದ ಮಂಚ ಮದುವೆಯಲ್ಲಿ ಮಾವ ಕೊಟ್ಟಿದ್ದು. 22 ವರ್ಷದಿಂದ ಅದೇ ಜಾಗದಲ್ಲಿದೆ. ಆದರೂ ಮೊನ್ನೆ ರಾತ್ರಿ ಕರೆಂಟ್ ಹೋದಾಗ ನೀರು ಕುಡಿಯಲು ಎದ್ದ ನನಗೆ ಅದು ನೆನಪಾಗಲಿಲ್ಲ. ಎಡಗಾಲಿನ ಕಿರುಬೆರಳು ಹೋಗಿ ಬಡಿಯಿತು. ಮೊದಲು ಸದ್ದು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಬಚಾವಾದೆ ಅಂದುಕೊಳ್ಳುವಷ್ಟರಲ್ಲಿ ನೋವು ನೆತ್ತಿಗೇರಿತು.

"ಏನಾತ್ರೀ?"

"ಕಾಲು ಮುರೀತು ಕಣೇ!"

"ಮಂಚದ್ದಾ?"

ಬೆಳಿಗ್ಗೆ ನೋಡಿದರೆ ಬೆರಳು ಎಳೆ ಬದನೆಕಾಯಿ. ಅದೇ ಬಣ್ಣ, ಅದೇ ಮಿರುಗು. ಪಕ್ಕದ ಮನೆಯವರು ನಾಟಿ ಕಟ್ಟು ಹಾಕಿಸಿ ಅಂದರು. ನಾನು ಕುಂಟುತ್ತಾ ಆಸ್ಪತ್ರೆಗೆ ಹೋದೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪಾಠ ಶುರು ಮಾಡಿದರು. ಹೆಬ್ಬೆರಳಿಗೆ 2 ಮೂಳೆ, ಉಳಿದ ಬೆರಳಿಗೆ ಮೂರು ಮೂರು. ಪಾದಕ್ಕೆ 14, ಕೈಗೂ ಅಷ್ಟೇ. ಒಟ್ಟು 56. ಅಂದರೆ ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಬೆರಳುಗಳಲ್ಲೇ ಇವೆ! "ನಿಮ್ಮ ಕಿರುಬೆರಳಲ್ಲಿ ಮಾತ್ರ ಎರಡೇ ಇದಾವ್ರಿ. ತುದಿಯವೆರಡೂ ಕೂಡಿಕೊಂಡಿವೆ. ಭಾಳ ಜನಕ್ಕೆ ಹಿಂಗೇ ಇರುತ್ತೆ."

14ರಲ್ಲಿ ನನಗೆ ಸಿಕ್ಕಿದ್ದೇ 13. ಅದರಲ್ಲೂ ಒಂದು ಈಗ ಬಿರುಕು.

ಪ್ಲಾಸ್ಟರ್ ಏನೂ ಇಲ್ಲ. ನಡುವೆ ಹತ್ತಿ ಇಟ್ಟು, ಪಕ್ಕದ ಬೆರಳಿಗೇ ಸೇರಿಸಿ ಟೇಪ್ ಸುತ್ತಿದರು. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ನನ್ನ ಪಾಲಿಗೆ ಬಂದಿದ್ದು ಬೆರಳ ಸಂದಿಯ ಇಷ್ಟೇ ಇಷ್ಟು ಹತ್ತಿ. 4ರಿಂದ 6 ವಾರ ಹುಷಾರಾಗಿರಿ ಅಂದರು.

ನೋಡಲು ಬಂದವರು ಮಂಡಕ್ಕಿ ಮಿರ್ಚಿ ಮುಗಿಯುವ ತನಕ ತಮ್ಮ ಬೆರಳಿನ ಕಥೆಯನ್ನೇ ಹೇಳಿದರು. ಚಿಕ್ಕಪ್ಪನದು ಗೌಟ್. ಯೂರಿಕ್ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂತು, ನಡುರಾತ್ರಿ ಹೆಬ್ಬೆರಳ ಬುಡ ಕೆಂಡವಾಗಿತ್ತಂತೆ. ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತಂತೆ. "ನಿಂದೇನು ಬಿಡಪ್ಪ" ಎನ್ನುತ್ತಲೇ ಐದನೇ ಮಿರ್ಚಿಗೆ ಕೈ ಹಾಕಿದರು. ಅಕ್ಕನ ಮಗ ಹೈಸ್ಕೂಲ್ ಮೈದಾನದಲ್ಲಿ ಕ್ಯಾಚ್ ಹಿಡಿಯಲು ಹೋಗಿ ಬೆರಳ ತುದಿಗೆ ಚೆಂಡು ಬಡಿಸಿಕೊಂಡಿದ್ದ. ಮೂಳೆ ಗಟ್ಟಿಯಾಗೇ ಇದೆ, ತುದಿಯನ್ನು ಎತ್ತಿ ಹಿಡಿಯುವ ನಾರು ಹರಿದಿದೆ. ಫೇಲಾದ ಹುಡುಗನ ಹಾಗೆ ಬೆರಳು ತಲೆ ತಗ್ಗಿಸಿ ನಿಂತಿದೆ. 6 ವಾರ ಪಟ್ಟಿ. ನಡುವೆ ಒಮ್ಮೆ ಬಗ್ಗಿಸಿದರೂ ಲೆಕ್ಕ ಮತ್ತೆ ಒಂದರಿಂದ. ಎಲ್ಲರೂ ಅವನ ಬೆರಳನ್ನೇ ನೋಡಿದರು. ನನ್ನದು ಟೀಪಾಯಿ ಮೇಲೆ ಸುಮ್ನೆ ಮಲಗಿತ್ತು.

ಎಲ್ಲ ಹೋದ ಮೇಲೆ ಅಮ್ಮ ಬಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ, ನನ್ನ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ನೆಟಿಗೆ ಮುರಿದಳು. ಕೀಲಿನ ಸವೆತದಿಂದ ಅವಳ ಬೆರಳ ತುದಿಗಳೆಲ್ಲ ಗಂಟು ಗಂಟು. ಹತ್ತರಲ್ಲಿ ಒಂದೂ ಲಟ್ ಅನ್ನಲಿಲ್ಲ. ಇನ್ನೊಮ್ಮೆ ಒತ್ತಿದಳು. ಊಹೂಂ.

"ಯಾರ ದೃಷ್ಟಿನೂ ಆಗಿಲ್ಲ ಬಿಡು," ಅಂದಳು. "ನಿನ್ನ ಯಾರ್ ನೋಡ್ತಾರೆ!"